ನಲವತ್ತೆಂಟು ಸೆಕೆಂಡು

ಆಪಾ ತೀರಿಕೊಂಡದ್ದು ನನಗೆ ಗೊತ್ತಾದದ್ದು ಜೆರಾಕ್ಸ್ ಮಷೀನಿನ ಮುಂದೆ. ಟಿಕೋಟಾ ಬಸ್‌ಸ್ಟ್ಯಾಂಡಿನ ಹತ್ತಿರ ನನ್ನದೊಂದು ಅಂಗಡಿ ಇದೆ. ಫೋಟೊ ತೆಗೆಯುವುದು, ಜೆರಾಕ್ಸ್ ಮಾಡುವುದು, ಆನ್‌ಲೈನ್ ಅರ್ಜಿ ತುಂಬುವುದು, ಹೊಟ್ಟೆಪಾಡಿಗೆ ಏನು ಬಂದರೂ ಸೈ. ಹೋದ ತಿಂಗಳು ಪರಿಚಯವಿಲ್ಲದ ಒಬ್ಬರು ಬಂದು ಆಧಾರ್ ಕಾರ್ಡ್ ಕೊಟ್ಟು ಎರಡು ಪ್ರತಿ ಕೇಳಿದರು. ಗಾಜಿನ ಮೇಲೆ ಬೋರಲು ಹಾಕುವ ಮುಂಚೆ ಸುಮ್ಮನೆ ಕಣ್ಣು ಹಾಯಿಸಿದೆ. ತಲೆಯ ಮೇಲೆ ಸೆರಗು, ಫೋಟೊ ತೆಗೆದವನ ಮೇಲೆ ಸಿಟ್ಟು ಬಂದಂಥ ನೋಟ. ಇವರು ನಿಮಗೆ ಏನಾಗಬೇಕು ಎಂದು ಕೇಳಿದೆ. ಚಿಕ್ಕಪ್ಪನ ಮಗಳು, ಬಬಲೇಶ್ವರದಲ್ಲಿ ಇದ್ದಳು, ನಾಲ್ಕು ದಿನ ಜ್ವರ ಬಂದು ಹೋಗಿಬಿಟ್ಟಳು, ಮರಣ ಪತ್ರ ತೆಗೆಸಬೇಕು ಎಂದರು. ಕರೆಂಟ್ ಹೋದರೆ ಕೆಲಸ ಕೆಡುತ್ತದೆ, ಬೇಗ ಮಾಡಿಕೊಡಿ ಎಂದೂ ಹೇಳಿದರು.

ನಾನು ಎರಡರ ಬದಲು ಮೂರು ಪ್ರತಿ ತೆಗೆದೆ. ಮೂರನೆಯದನ್ನು ಡ್ರಾವರಿನಲ್ಲಿ ಇಟ್ಟುಕೊಂಡೆ. ಹಾಗೆ ಮಾಡುವುದು ತಪ್ಪು. ಆದರೆ ಆಪಾನ ವಿಷಯದಲ್ಲಿ ನಾನು ಮಾಡಿದ ತಪ್ಪುಗಳ ಸಾಲಿನಲ್ಲಿ ಇದು ತೀರ ಸಣ್ಣದು.

ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ತನ್ನ ಹೆಸರು ಹೇಳಬೇಕಾಗಿದ್ದ ಕಡೆ ಬಾಯಿ ಮುಚ್ಚಿಕೊಂಡು ಕೂತವನು ಈಗ ಅವರದನ್ನು ಬರೆದು ಏನು ದೊಡ್ಡಸ್ತಿಕೆ. ವಿಜಯಪುರದ ಸೊಲ್ಲಾಪುರ ರಸ್ತೆಯಲ್ಲಿ ನಾನು ಕೆಲಸಕ್ಕಿದ್ದ ವಿಡಿಯೊ ಸ್ಟುಡಿಯೊದಲ್ಲಿ ಎಲ್ಲರೂ ಅವರನ್ನು ಆಪಾ, ಅಂದರೆ ಅಕ್ಕ, ಎಂದೇ ಕರೆಯುತ್ತಿದ್ದೆವು. ಅವರಿಗಿಂತ ಹತ್ತು ವರ್ಷ ದೊಡ್ಡವರಾದ ಮಾಲಕರಿಗೂ ಅವರು ಆಪಾನೇ.

ಹುಟ್ಟಿದ್ದು ಟಿಕೋಟಾ, ಕೊಟ್ಟ ಮನೆ ಬಬಲೇಶ್ವರ. ಗಂಡ ಬೇಗ ತೀರಿಕೊಂಡಿದ್ದರು, ಮಕ್ಕಳಿರಲಿಲ್ಲ. ಸ್ಟುಡಿಯೊಕ್ಕೆ ಬರುವ ಮುಂಚೆ ಊರಿನ ಒಂದು ಪ್ರೆಸ್ಸಿನಲ್ಲಿ ಇಪ್ಪತ್ತು ವರ್ಷ ಕಂಪೋಜ್ ಮಾಡುತ್ತಿದ್ದರು. ಅಚ್ಚಿನ ಮೊಳೆಗಳನ್ನು ಖಾನೆಯಿಂದ ಒಂದೊಂದಾಗಿ ಹೆಕ್ಕಿ ಸಾಲು ಕೂಡಿಸುವ ಕೆಲಸ. ಮೊಳೆಯ ಮೇಲೆ ಅಕ್ಷರ ತಿರುವುಮುರುವಾಗಿ ಇರುತ್ತದೆ. ಅದನ್ನೇ ಓದಿ ಓದಿ ಪಳಗಿದ ಕಣ್ಣು ಅವರದು. ಕನ್ನಡಿಯಲ್ಲಿ ಕಾಣುವ ಎದುರಿನ ಅಂಗಡಿಯ ಬೋರ್ಡನ್ನು ನಾವು ಹೊರಳಿ ನೋಡುವಷ್ಟರಲ್ಲಿ ಅವರು ಓದಿ, ಅದರಲ್ಲಿನ ತಪ್ಪನ್ನೂ ಹೇಳಿ ಮುಗಿಸಿರುತ್ತಿದ್ದರು. ಆಫ್‌ಸೆಟ್ ಬಂದ ಮೇಲೆ ಮೊಳೆಗಳನ್ನು ಕೆಜಿಯ ಮೇಲೆ ಗುಜರಿಗೆ ಹಾಕಿದರು. ಆಪಾ ಕಂಪ್ಯೂಟರಿನಲ್ಲಿ ನುಡಿ ಟೈಪಿಂಗ್ ಕಲಿತರು.

ಸ್ಟುಡಿಯೊಕ್ಕೆ ಅವರು ಕೆಲಸ ಕೇಳಿಕೊಂಡು ಬಂದವರಲ್ಲ, ಜಗಳಕ್ಕೆ ಬಂದವರು. ನಾವು ಕೊಟ್ಟ ಯಾರದೋ ಮದುವೆಯ ಡಿವಿಡಿಯಲ್ಲಿ ಹೆಸರುಗಳೆಲ್ಲ ಅಡ್ಡಾದಿಡ್ಡಿ ಇದ್ದವು. ಅದನ್ನು ಕಾಗದದ ಮೇಲೆ ಬರೆದುಕೊಂಡು ಬಂದು ಮಾಲಕರ ಮೇಜಿನ ಮೇಲಿಟ್ಟು, ನಿಮ್ಮಲ್ಲಿ ಓದು ಬಂದವರು ಒಬ್ಬರೂ ಇಲ್ಲವೇ ಎಂದು ಕೇಳಿದ್ದರು. ಮಾಲಕರು ಜಾಣರು. ಬೈದವರನ್ನೇ ಕೂಡಿಸಿಕೊಂಡರೆ ಮುಂದೆ ಬೈಯುವವರು ಇರುವುದಿಲ್ಲವೆಂದು ಮರುದಿನದಿಂದಲೇ ಬರಹೇಳಿದರು.

ಡಿವಿಡಿ ಕಟ್ಟುವುದು ನನ್ನ ಕೆಲಸವಾಗಿತ್ತು. ಚಿತ್ರ, ಧ್ವನಿ, ಮೆನು, ಕೆಳಗೆ ಬರುವ ಅಕ್ಷರದ ಸಾಲು, ಎಲ್ಲವನ್ನೂ ಒಂದೆಡೆ ಸೇರಿಸಿ ಡಿಸ್ಕಿಗೆ ಬರ್ನ್ ಮಾಡುವುದು. ನಮ್ಮ ಸಾಫ್ಟ್‌ವೇರಿಗೆ ಕನ್ನಡ ಬರುತ್ತಿರಲಿಲ್ಲ. ಇಂಗ್ಲಿಷ್ ಸಾಲನ್ನು ಹಾಗೇ ನುಂಗಿಕೊಳ್ಳುತ್ತಿತ್ತು, ಕನ್ನಡ ಕೊಟ್ಟರೆ ಒತ್ತಕ್ಷರಗಳೆಲ್ಲ ಕಳಚಿ ಅತ್ತಿತ್ತ ಬಿದ್ದಿರುತ್ತಿದ್ದವು. ಇದ್ದದ್ದು ಒಂದೇ ದಾರಿ. ಒಂದೊಂದು ಸಾಲನ್ನೂ ಒಂದೊಂದು ಚಿತ್ರವಾಗಿ ಮಾಡಿ ನಂಬರು ಕೊಡಬೇಕು. ಆಮೇಲೆ ಒಂದು ಪಟ್ಟಿ ಬರೆಯಬೇಕು: ಈ ನಂಬರಿನ ಚಿತ್ರ ಇಷ್ಟನೆಯ ನಿಮಿಷ ಇಷ್ಟನೆಯ ಸೆಕೆಂಡಿಗೆ ಮೂಡಬೇಕು, ಇಷ್ಟಕ್ಕೆ ಅಳಿಸಬೇಕು. ಆ ಪಟ್ಟಿಯನ್ನು ಇಂಪೋರ್ಟ್ ಮಾಡಿದರೆ ಸಾವಿರ ಚಿತ್ರಗಳು ತಂತಮ್ಮ ಜಾಗಕ್ಕೆ ಹೋಗಿ ಕೂಡುತ್ತವೆ. ಪಟ್ಟಿಯಲ್ಲಿ ಎಲ್ಲೋ ಒಂದು ಚುಕ್ಕೆ ತಪ್ಪಿದರೆ ಒಂದೂ ಕೂಡುವುದಿಲ್ಲ. ನಮಗೆಲ್ಲ ಪ್ರಾಣಸಂಕಟವಾಗಿದ್ದ ಈ ಕೆಲಸ ಆಪಾನಿಗೆ ಹಬ್ಬವಾಗಿತ್ತು. ಮೊಳೆ ಕೂಡಿಸುವ ಕೆಲಸವೇ ತಿರುಗಿ ಬಂದಿದೆ, ಈ ಸಲ ಕೈಗೆ ಮಸಿ ಹತ್ತುವುದಿಲ್ಲ ಅಷ್ಟೇ ಎನ್ನುತ್ತಿದ್ದರು.

ಅವರು ಕೆಲಸ ಮಾಡುವ ರೀತಿ ನೋಡಿ ನಾವು ಹಿಂದಿನಿಂದ ನಗುತ್ತಿದ್ದೆವು. ಮೊದಲ ಸಲ ಧ್ವನಿ ಇಟ್ಟುಕೊಂಡು ನೋಡುವರು. ಎರಡನೆಯ ಸಲದಿಂದ ಧ್ವನಿ ಬಂದ್. ಬರೀ ತುಟಿ ನೋಡುತ್ತ, ತೊಡೆಯ ಮೇಲೆ ಬೆರಳು ಬಡಿಯುತ್ತ ಕೂಡುವರು. ಒಂದು ಸಾಲು ಹೋಗಿ ಇನ್ನೊಂದು ಬರುವ ನಡುವೆ ಚೂರು ಖಾಲಿ ಬಿಡಲೇಬೇಕು. ಅದೇಕೆ ಎಂದು ನಾನು ಕೇಳಿದ್ದೆ.

"ಕಣ್ಣಿಗೂ ಉಸಿರು ಬೇಕ ಯಪ್ಪಾ. ಒಂದರ ಬೆನ್ನಿಗೊಂದ ತುರುಕಿದರ ಓದಾವ ಏನ್ ಸಾಯಬೇಕ?"

ನಗೆಯ ಮಾತು ಬಂದರೆ ಅವರ ಹಟ ಇನ್ನೂ ಹೆಚ್ಚು. ಮಾತನ್ನು ಎರಡು ತುಂಡು ಮಾಡಿ, ನಗು ಬರುವ ತುಂಡನ್ನು ನಟನ ಬಾಯಿಂದ ಅದು ಹೊರಬೀಳುವ ಗಳಿಗೆಯತನಕ ಹಿಡಿದಿಟ್ಟುಕೊಳ್ಳುತ್ತಿದ್ದರು. ಓದುವವನು ಮೊದಲೇ ಓದಿ ನಕ್ಕುಬಿಟ್ಟರೆ ಪಕ್ಕದಲ್ಲಿ ಕೂತವರು ಅವನನ್ನು ಏನೆಂದುಕೊಂಡಾರು ಎನ್ನುವರು. ಯಾವ ಓದುವವನು, ಯಾವ ಪಕ್ಕದವರು ಎಂದು ನಮಗೆ ಆಗ ಗೊತ್ತಿರಲಿಲ್ಲ. ಮದುವೆಯ ಡಿವಿಡಿಯಲ್ಲಿ ಹಾಡಿನ ಸಾಲು ಹಾಕುವುದಕ್ಕೆ ಇಷ್ಟೆಲ್ಲ ಯಾಕೆ ಎಂದು ಮಾಲಕರೂ ಗೊಣಗುತ್ತಿದ್ದರು.

ಗೊತ್ತಾದದ್ದು ನಾನು ಒಮ್ಮೆ ಬಬಲೇಶ್ವರದ ಅವರ ಮನೆಗೆ ಊಟಕ್ಕೆ ಹೋದಾಗ. ಆಪಾನಿಗೆ ಒಬ್ಬ ತಮ್ಮನಿದ್ದ. ಹುಟ್ಟಿನಿಂದಲೇ ಕಿವಿ ಕೇಳಿಸುತ್ತಿರಲಿಲ್ಲ, ಹಾಗಾಗಿ ಮಾತೂ ಬರಲಿಲ್ಲ. ತಂದೆ ತಾಯಿ ಹೋದ ಮೇಲೆ ಅವನನ್ನು ಟಿಕೋಟಾದಿಂದ ಕರೆತಂದು ಮನೆಯ ಮುಂಭಾಗದಲ್ಲೇ ಟೇಲರ್ ಅಂಗಡಿ ಹಾಕಿಕೊಟ್ಟಿದ್ದರು. ಆತನಿಗೆ ಅಕ್ಷರ ಕಲಿಸಿದ್ದೂ ಅವರೇ. ಪ್ರೆಸ್ಸಿನಲ್ಲಿ ಸವೆದುಹೋದ ಮೊಳೆಗಳನ್ನು ಕೇಳಿ ತಂದು, ಮಸಿ ಹಚ್ಚಿ, ಅರಿವೆಯ ಚೂರಿನ ಮೇಲೆ ಒತ್ತಿ ತೋರಿಸಿ ಕಲಿಸಿದ್ದರಂತೆ. ಅಕ್ಕ ತಮ್ಮ ಇಬ್ಬರೂ ಕೈಯಲ್ಲೇ ಮಾತಾಡುವರು. ಅದು ಯಾವ ಶಾಲೆಯಲ್ಲೂ ಕಲಿಸುವ ಭಾಷೆಯಲ್ಲ, ಅವರಿಬ್ಬರೇ ಮಾಡಿಕೊಂಡದ್ದು. ನನ್ನನ್ನು ತೋರಿಸಿ ಆಪಾ ಏನೋ ಸನ್ನೆ ಮಾಡಿದರು, ಆತ ಹೊಟ್ಟೆ ಹಿಡಿದುಕೊಂಡು ನಕ್ಕ. ಏನು ಹೇಳಿದಿರಿ ಎಂದರೆ ಆಪಾ ಹೇಳಲಿಲ್ಲ.

ಈ ಮನುಷ್ಯನಿಗೆ ನಾಟಕದ ಹುಚ್ಚು. ಕಂಪನಿ ಬಂದು ಟೆಂಟ್ ಹಾಕಿತೆಂದರೆ ಮುಂದಿನ ಸಾಲಿನಲ್ಲಿ ಹಾಜರು. ಒಂದಕ್ಷರ ಕೇಳಿಸದು. ಮಂದಿ ನಕ್ಕಾಗ ಅಕ್ಕಪಕ್ಕ ನೋಡಿ ತಾನೂ ನಗುತ್ತಿದ್ದ. ಎಲ್ಲರ ನಗು ಮುಗಿದ ಮೇಲೆ ಇವನದೊಂದು ನಗು ಉಳಿದಿರುತ್ತಿತ್ತು. ಹಿಂದಿನ ಸಾಲಿನವರು ಅದಕ್ಕೂ ಬೇರೆ ನಗುತ್ತಿದ್ದರು. ಚಿಕ್ಕಂದಿನಿಂದ ಪಕ್ಕದಲ್ಲಿ ಕೂತು ಅದನ್ನು ನೋಡಿದವರು ಆಪಾ. ಜೀವಮಾನದಲ್ಲಿ ಒಂದು ಸಲ, ಒಂದೇ ಸಲ, ಇವನು ಎಲ್ಲರ ಜೊತೆಗೆ ನಗಬೇಕು. ಆ ಹೆಣ್ಣುಮಗಳು ಬೇಡಿದ್ದು ಇಷ್ಟೇ.

ಅವಕಾಶ ಬಂತು. ನಮ್ಮ ಭಾಗದ ಒಂದು ನಾಟಕ ಕಂಪನಿಯ ನಾಟಕವನ್ನು ಮೂರು ಕ್ಯಾಮೆರಾ ಇಟ್ಟು ಶೂಟ್ ಮಾಡಿ ಡಿವಿಡಿ ಮಾರುವ ಯೋಜನೆ ಮಾಲಕರ ತಲೆಗೆ ಬಂತು. ಗಡಿಯಾಚೆ ಜತ್ತ, ಸೊಲ್ಲಾಪುರದ ಕಡೆಯೂ ಹೋಗಲಿ ಎಂದು ಕೆಳಗೆ ಮರಾಠಿ ಸಾಲು ಹಾಕಿಸಬೇಕೆಂದರು. ಆಪಾನಿಗೆ ಮರಾಠಿ ಚೆನ್ನಾಗಿ ಬರುತ್ತಿತ್ತು. ಮರಾಠಿ ಮಾಡಿಕೊಡುತ್ತೇನೆ, ಅದರ ಜೊತೆಗೆ ಕನ್ನಡದ್ದೂ ಒಂದು ಸಾಲು ಇರಲಿ, ಬೇಕಾದವರು ರಿಮೋಟಿನಲ್ಲಿ ಆರಿಸಿಕೊಳ್ಳುತ್ತಾರೆ ಎಂದು ಕೇಳಿದರು. ಕನ್ನಡ ನಾಟಕಕ್ಕೆ ಕನ್ನಡ ಅಕ್ಷರ ಯಾರಿಗೆ ಬೇಕು ಎಂದು ಮಾಲಕರು ನಕ್ಕರು. ಖರ್ಚಿಲ್ಲದ ಮಾತಾದ್ದರಿಂದ ಒಪ್ಪಿಕೊಂಡರು.

ಇನ್ನೊಂದು ತಕರಾರು ಬಂದದ್ದು ಕಂಪನಿಯ ಯಜಮಾನರಿಂದ. ಆಪಾ ಮಾತುಗಳನ್ನು ಆಡಿದಂತೆಯೇ ಬರೆದಿದ್ದರು. ಓದುವವರು ಏನೆಂದಾರು, ಶುದ್ಧ ಕನ್ನಡದಲ್ಲಿ ಹಾಕಿ ಎಂದು ಅವರು ಹೇಳಿ ಕಳಿಸಿದರು. ಆಪಾ ಎದ್ದು ನಿಂತರು.

"ನನ್ನ ತಮ್ಮ ಪುಸ್ತಕದ ಕನ್ನಡ ಓದ್ಯಾನ್ರಿ. ನಾವು ಆಡೋ ಕನ್ನಡ ಒಂದ ದಿನಾನೂ ಕೇಳಿಲ್ಲ. ತನ್ನ ಊರ ಮಂದಿ ಹೆಂಗ ಮಾತಾಡತಾರ ಅನ್ನೂದು ಅವಗ ಗೊತ್ತಾಗಲಿ."

ಆಗಲೇ ಸ್ಟುಡಿಯೊದಲ್ಲಿ ಎಲ್ಲರಿಗೂ ಕನ್ನಡದ ಸಾಲು ಯಾರಿಗಾಗಿ ಎಂದು ತಿಳಿದದ್ದು. ಸಾವಿರದ ಮೇಲೆ ಸಾಲುಗಳು. ಒಂದು ತಿಂಗಳಿಗೂ ಹೆಚ್ಚು ದಿನ ಕೂತರು. ಮಧ್ಯಾಹ್ನ ಎಡಗೈಯಲ್ಲಿ ರೊಟ್ಟಿ, ಶೇಂಗಾ ಹಿಂಡಿ, ಬಲಗೈಯಲ್ಲಿ ಮೌಸ್. ಹಾಸ್ಯಗಾರನ ಪಾತ್ರದ ಮಾತುಗಳನ್ನಂತೂ ಎಷ್ಟು ಸಲ ಹಿಂದೆ ಮುಂದೆ ಸರಿಸಿದರೋ ದೇವರೇ ಬಲ್ಲ. ಪಟ್ಟಿ ಮುಗಿದ ದಿನ ನನ್ನ ಕೈಗೆ ಕೊಟ್ಟು ಒಂದೇ ಮಾತು ಹೇಳಿದ್ದರು. ವಿಡಿಯೊದ ಮುಂದುಗಡೆ ಏನಾದರೂ ಸೇರಿಸಿದರೆ, ಸೇರಿಸಿದ್ದು ಎಷ್ಟು ಸೆಕೆಂಡೋ ಅಷ್ಟನ್ನು ಇಂಪೋರ್ಟ್ ಮಾಡುವಾಗ ಬರುವ ಪೆಟ್ಟಿಗೆಯಲ್ಲಿ ತುಂಬಬೇಕು, ಆಗ ಎಲ್ಲ ಸಾಲುಗಳೂ ಅಷ್ಟೇ ಮುಂದಕ್ಕೆ ಸರಿಯುತ್ತವೆ. ಮರೆತರೆ ಎಲ್ಲವೂ ಮಾತಿಗಿಂತ ಮೊದಲೇ ಬರುತ್ತವೆ. ಇದು ನನಗೆ ಗೊತ್ತಿಲ್ಲದ್ದೇನಲ್ಲ. ಹೂಂ ಎಂದಿದ್ದೆ.

ಡಿವಿಡಿ ಬಿಡುಗಡೆಗೆ ವಿಜಯಪುರದ ಒಂದು ಹಾಲ್ ಹಿಡಿದರು. ದೊಡ್ಡ ಪರದೆಯ ಮೇಲೆ ಮೊದಲ ಅರ್ಧ ತಾಸು ತೋರಿಸುವುದು, ಆಮೇಲೆ ಭಾಷಣ. ಆ ದಿನ ಪರದೆಯ ಮೇಲೆ ಕನ್ನಡದ ಸಾಲು ಇರಲಿ ಎಂದು ಆಪಾ ಕೇಳಿಕೊಂಡಿದ್ದರು. ತಮ್ಮನಿಗೆ ಮುಂದಿನ ಸಾಲಿನಲ್ಲಿ ಜಾಗವನ್ನೂ ಕೇಳಿದ್ದರು. ಅಂದು ಬೆಳಿಗ್ಗೆ ಅವರು ಸ್ಟುಡಿಯೊಕ್ಕೆ ಬರಲಿಲ್ಲ, ತಮ್ಮನನ್ನು ಕರೆದುಕೊಂಡು ಬಬಲೇಶ್ವರದಿಂದ ನೇರ ಹಾಲ್‌ಗೆ ಬರುವವರಿದ್ದರು. ಹನ್ನೊಂದರ ಸುಮಾರಿಗೆ ಮಾಲಕರು ಒಂದು ಪೆನ್‌ಡ್ರೈವ್ ತಂದು ಮೇಜಿನ ಮೇಲೆ ಎಸೆದರು. ಖರ್ಚಿಗೆ ಕೈ ಹಚ್ಚಿದ್ದ ಅರಿವೆ ಅಂಗಡಿಯ ಸಾವಕಾರರು ಕೈಮುಗಿದು ಶುಭಾಶಯ ಹೇಳುವ ತುಣುಕು. ಇದನ್ನು ಎಲ್ಲಕ್ಕಿಂತ ಮುಂದೆ ಹಾಕು ಎಂದರು. ಹಾಕಿದೆ. ನಲವತ್ತೆಂಟು ಸೆಕೆಂಡು.

ಪೆಟ್ಟಿಗೆ ತುಂಬಲಿಲ್ಲ. ಮರೆತೆ ಎಂದು ಹೇಳಿಕೊಳ್ಳುತ್ತ ಬಂದಿದ್ದೇನೆ. ನಿಜ ಹೇಳಬೇಕೆಂದರೆ ಪೆಟ್ಟಿಗೆ ಕಣ್ಣೆದುರಿಗೆ ಬಂದಿತ್ತು, ಯಾವತ್ತಿನ ರೂಢಿಯಂತೆ ಖಾಲಿ ಬಿಟ್ಟು ಓಕೆ ಒತ್ತಿದೆ. ಡಿಸ್ಕ್ ಬರ್ನ್ ಆದ ಮೇಲೆ ಮೊದಲ ಒಂದು ನಿಮಿಷ ನೋಡಿದೆ. ಸಾವಕಾರರು ಕೈಮುಗಿದರು, ಟೈಟಲ್ ಶುರುವಾಯಿತು. ಚಿತ್ರ ಇತ್ತು, ಧ್ವನಿ ಇತ್ತು. ಸಾಕೆಂದು ಊಟಕ್ಕೆ ಹೋದೆ.

ಹಾಲ್‌ನಲ್ಲಿ ನಾನು ಎಲ್ಲರ ಹಿಂದೆ, ಪ್ರೊಜೆಕ್ಟರ್ ಪಕ್ಕದಲ್ಲಿ ರಿಮೋಟ್ ಹಿಡಿದು ನಿಂತಿದ್ದೆ. ಆಪಾ ಇಸ್ತ್ರಿ ಮಾಡಿದ ಸೀರೆ ಉಟ್ಟು ಬಂದಿದ್ದರು. ತಮ್ಮ ಆ ದಿನಕ್ಕೆಂದೇ ಹೊಲಿದುಕೊಂಡ ಹೊಸ ಅಂಗಿ ಹಾಕಿದ್ದ. ಸಾವಕಾರರ ಶುಭಾಶಯ ಮುಗಿದು ಟೈಟಲ್ ಓಡುತ್ತಿರುವಾಗಲೇ ಪರದೆಯ ಕೆಳಗೆ ಮೊದಲ ಸಾಲು ಮೂಡಿತು. ಇನ್ನೂ ಒಬ್ಬರೂ ಬಾಯಿ ತೆರೆದಿರಲಿಲ್ಲ. ಆಪಾ ಎದ್ದದ್ದು ಕಂಡಿತು. ಸೀದಾ ನನ್ನ ಕಡೆಗೇ ಬಂದರು. ಮುಂದೆ ಏನು ಸೇರಿಸಿದಿ ಎಂದು ಕೇಳಿದರು, ಹೇಳಿದೆ. ಎಷ್ಟು ಸೆಕೆಂಡು ಎಂದರು, ಅದನ್ನೂ ಹೇಳಿದೆ.

"ಅಕ್ಷರ ಬಂದ್ ಮಾಡು. ಮೊದಲ ಬಂದ್ ಮಾಡು."

ರಿಮೋಟಿನ ಮೇಲೆ ಅದಕ್ಕೊಂದು ಗುಂಡಿ ಇತ್ತು, ನನ್ನ ಹೆಬ್ಬೆರಳಿನ ಕೆಳಗೇ ಇತ್ತು. ಒತ್ತಿದರೆ ಪರದೆಯ ಮೂಲೆಯಲ್ಲಿ ಅಕ್ಷರ ಬಂದ್ ಆಯಿತೆಂದು ತೋರಿಸುತ್ತದೆ. ಮಾಲಕರು ಹೊರಳಿ ನೋಡುತ್ತಾರೆ, ಯಾಕೆಂದು ಕೇಳುತ್ತಾರೆ, ಡಿಸ್ಕ್ ಮಾಡಿದವನು ನಾನು. ನನ್ನ ಲಗ್ನ ಗೊತ್ತಾಗಿ ಎರಡು ವಾರವೂ ಆಗಿರಲಿಲ್ಲ. ಹುಡುಗ ವಿಜಯಪುರದಲ್ಲಿ ಕಾಯಂ ಕೆಲಸದಲ್ಲಿದ್ದಾನೆ ಎಂದು ಹೆಣ್ಣಿನವರಿಗೆ ಹೇಳಿ ಒಪ್ಪಿಸಿದ್ದರು. ಲಗ್ನಪತ್ರಿಕೆ ಟೈಪ್ ಮಾಡಿಕೊಟ್ಟವರು ಇದೇ ಆಪಾ.

"ತಡೀರಿ ಆಪಾ, ಯಾರಿಗೂ ಗೊತ್ತಾಗೂದಿಲ್ಲ" ಎಂದೆ.

"ಒಬ್ಬಗ ಗೊತ್ತಾಗತದ" ಎಂದರು. ಗುಂಡಿ ಒತ್ತುತ್ತೇನೇನೋ ಎಂದು ನನ್ನ ಕೈ ನೋಡುತ್ತ ಸ್ವಲ್ಪ ಹೊತ್ತು ನಿಂತರು. ಆಮೇಲೆ ತಿರುಗಿ ತಮ್ಮನ ಕಡೆಗೆ ಬಿರಬಿರನೆ ನಡೆದರು.

ನಾಟಕ ಶುರುವಾಗುವುದೇ ಸಾವಿನ ಮನೆಯಿಂದ. ಅಂಗಳದಲ್ಲಿ ಮನೆಯ ಹಿರಿಯ ಸಾವಕಾರನ ಹೆಣ, ಹೆಂಡತಿ ಎದೆ ಬಡಿದುಕೊಂಡು ಅಳುತ್ತಾಳೆ. ಆ ಪಾತ್ರ ಮಾಡಿದ್ದ ಹಿರಿಯ ಕಲಾವಿದೆಯನ್ನು ಅಂದು ಮುಂದಿನ ಸಾಲಿನಲ್ಲೇ ಹಾರ ಹಾಕಿ ಕೂಡಿಸಿದ್ದರು. ಅಳು ಮುಗಿದ ಮೇಲೆ ಮನೆಯ ಆಳು ಆಡು ಹಿಡಿದುಕೊಂಡು ಬರುತ್ತಾನೆ. "ಈ ಆಡು ಸಾವಕಾರ್ರದಲ್ರಿ, ನಂದು. ಅವರು ಇದ್ದಾಗ ಹೇಳಾಕ ಧೈರ್ಯ ಇರಲಿಲ್ಲ" ಎನ್ನುತ್ತಾನೆ. ಟೆಂಟಿನಲ್ಲಿ ಈ ಮಾತಿಗೆ ಮಂದಿ ಬಿದ್ದು ಬಿದ್ದು ನಗುತ್ತಿದ್ದರು. ಎಲ್ಲರೂ ಯಾಕೆ ನಗುತ್ತಾರೆಂದು ತಮ್ಮ ವರ್ಷಗಟ್ಟಲೆ ಅಕ್ಕನನ್ನು ಕೇಳಿದ್ದ, ನೀನೇ ಓದುವೆಯಂತೆ ಎಂದು ಅಕ್ಕ ಹೇಳದೆ ಉಳಿಸಿಕೊಂಡಿದ್ದರು.

ಪರದೆಯ ಮೇಲೆ ಆ ಹೆಂಗಸು ಹೆಣದ ಮೇಲೆ ಬಿದ್ದು ಅಳುತ್ತಿದ್ದಳು. ಹಾಲ್‌ನಲ್ಲಿ ಕೆಲವರು ಕಣ್ಣೊರೆಸಿಕೊಳ್ಳುತ್ತಿದ್ದರು. ಆಳಿನ ಆ ಸಾಲು ಆಗ ಕೆಳಗೆ ಮೂಡಿತು. ಕಿವಿ ಇದ್ದವರ ಕಣ್ಣು ಅಕ್ಷರದ ಮೇಲೆ ಇರಲಿಲ್ಲ. ಆಪಾನ ತಮ್ಮ ನಕ್ಕ. ತನ್ನ ದನಿ ಎಷ್ಟು ದೊಡ್ಡದೆಂದು ಗೊತ್ತಿಲ್ಲದ ಮನುಷ್ಯ, ಎದೆ ತುಂಬ, ತಲೆ ಹಿಂದಕ್ಕೆ ಹಾಕಿ ನಕ್ಕ. ಜೊತೆಗೆ ನಗುವವರನ್ನು ನೋಡಲು ಅತ್ತ ಇತ್ತ ತಿರುಗಿದ. ಇಡೀ ಹಾಲ್ ಆತನನ್ನೇ ನೋಡುತ್ತಿತ್ತು. ಹಾರ ಹಾಕಿಕೊಂಡ ಕಲಾವಿದೆ ಎದ್ದು ನಿಂತಿದ್ದರು. ಕುಡಿದು ಬಂದಾನ, ಹೊರಗ ಹಾಕ್ರಿ ಎಂದು ಯಾರೋ ಕೂಗಿದರು. ಜೀವಮಾನದಲ್ಲಿ ಕುಡಿಯದ ಮನುಷ್ಯ. ಕಂಪನಿಯ ಇಬ್ಬರು ಎರಡೂ ರಟ್ಟೆ ಹಿಡಿದು ಎಬ್ಬಿಸಿದರು. ಆಪಾ ತಲುಪುವಷ್ಟರಲ್ಲಿ ಅಂಗಿಯ ತೋಳು ಹರಿದಿತ್ತು. ಎರಡೂ ಕೈ ಹಿಡಿದುಬಿಟ್ಟಿದ್ದರಿಂದ ಆತನಿಗೆ ಏನೂ ಹೇಳಲು ಬರುವಂತಿರಲಿಲ್ಲ. ಬಾಗಿಲ ತನಕ ಹಾಗೇ ನಡೆಸಿಕೊಂಡು ಹೋದರು, ಹಿಂದೆ ಆಪಾ. ಸ್ವಲ್ಪ ಹೊತ್ತಿಗೆ ಆಳು ಆಡಿನೊಂದಿಗೆ ಬಂದ, ಆ ಮಾತು ಹೇಳಿದ, ಹಾಲ್ ನಕ್ಕಿತು. ನಾನು ಆಗಲೂ ಗುಂಡಿ ಒತ್ತಲಿಲ್ಲ.

ಸಮಾರಂಭ ಮುಗಿದ ಮೇಲೆ ಆಪಾ ಒಳಗೆ ಬಂದರು. ಮಾಲಕರು ನಾಲ್ಕು ಮಂದಿಯ ಎದುರು ಕೂಗಾಡಿದರು. ವಯಸ್ಸಾಯಿತು, ಕಣ್ಣು ಮಂಜಾಗಿವೆ, ಆಗದಿದ್ದರೆ ಆಗುವುದಿಲ್ಲವೆಂದು ಹೇಳಬೇಕಿತ್ತು ಎಂದೆಲ್ಲ ಅಂದರು. ನನ್ನ ಪಟ್ಟಿ ಬರೋಬ್ಬರಿ ಇದೆ ಎಂದರು ಆಪಾ. ಹಾಗಾದರೆ ತಪ್ಪು ಯಾರದು ಎಂದು ಮಾಲಕರು ಕೇಳಿದರು. ಆಪಾ ನನ್ನ ಕಡೆ ನೋಡಿದರು. ಹೆಸರು ಹೇಳಲಿಲ್ಲ, ಬೆರಳು ತೋರಿಸಲಿಲ್ಲ, ಸುಮ್ಮನೆ ನೋಡಿದರು. ನಾನು ಕೇಬಲ್ ಸುತ್ತುತ್ತಿದ್ದೆ. ಇದರ ಇನ್ನೊಂದು ತುದಿ ಎಲ್ಲಿದೆ ಎಂದು ಯಾರನ್ನೋ ಕೇಳುತ್ತ ಪರದೆಯ ಹಿಂದಕ್ಕೆ ಹೋದೆ. ತಿರುಗಿ ಬಂದಾಗ ಅವರು ಇರಲಿಲ್ಲ.

ಮೂರನೆಯ ದಿನ ಊಟದ ಡಬ್ಬಿ, ಕುರ್ಚಿಯ ಮೇಲೆ ಹಾಸಿಕೊಳ್ಳುತ್ತಿದ್ದ ಕೌದಿ ತೆಗೆದುಕೊಂಡು ಹೋಗಲು ಬಂದರು. "ಆ ಪೆಟಿಗ್ಯಾಗ ನಲವತ್ತೆಂಟ ಹಾಕು" ಎಂದರು. ಹಾಕಿದೆ. ಅರ್ಧ ನಿಮಿಷದ ಕೆಲಸ. ಒಂದು ಡಿಸ್ಕ್ ಮಾಡಿ, ಅದರ ಮೇಲೆ ಕನ್ನಡ ಅಕ್ಷರ ಸಹಿತ ಎಂದು ಮಾರ್ಕರಿನಲ್ಲಿ ಬರೆದು ಕೊಟ್ಟೆ. ಇದರಲ್ಲಿ ಸರಿ ಇದೆಯೇ ಎಂದು ಕೇಳಿದರು. ಇದೆ ಎಂದೆ. ಅದನ್ನು ಚೀಲಕ್ಕೆ ಹಾಕಿಕೊಂಡು ಹೋದರು. ಅವರು ಹೋದ ಮೇಲೆ ನಾನು ಧ್ವನಿ ಬಂದ್ ಮಾಡಿ ಪೂರ್ತಿ ನಾಟಕ ನೋಡಿದೆ. ಒಂದು ಸಾಲೂ ತುಟಿ ಬಿಟ್ಟು ಹೋಗಿರಲಿಲ್ಲ. ಅಂಗಡಿಗೆ ಹೋದ ಡಿಸ್ಕುಗಳಲ್ಲಿ ಕನ್ನಡವನ್ನು ಮಾಲಕರು ತೆಗೆಸಿಹಾಕಿದರು, ಮರಾಠಿ ಮಾತ್ರ ಉಳಿಯಿತು. ಸೊಲ್ಲಾಪುರದ ಮಂದಿ ಸರಿಯಾದ ಹೊತ್ತಿಗೇ ನಕ್ಕಿರಬೇಕು.

ನಾನು ಹೀಗೆ ಉಳಿಸಿಕೊಂಡ ಕೆಲಸ ಎರಡು ವರ್ಷ ಬಾಳಿತು. ಡಿವಿಡಿ ಕೇಳುವವರಿಲ್ಲದೆ ಮಾಲಕರು ಸ್ಟುಡಿಯೊ ಮುಚ್ಚಿ ಮೊಬೈಲ್ ಕವರ್ ಮಾರತೊಡಗಿದರು. ಹೆಣ್ಣಿನವರಿಗೆ ಅದರಿಂದ ಬೇಸರವೇನೂ ಆಗಲಿಲ್ಲ. ಕೆಲಸ ಹೋದರೆ ಹೋಯಿತು, ಊರಲ್ಲೇ ಅಂಗಡಿ ಹಾಕಿ ಎಂದು ಮಾವನೇ ಹೇಳಿದರು. ಆ 'ಕಾಯಂ ಕೆಲಸ'ಕ್ಕೆ ಇದ್ದ ಬೆಲೆ ಇಷ್ಟು.

ಆಪಾ ತಮ್ಮನ ಅಂಗಡಿಯಲ್ಲಿ ಕಾಜಾ ಮಾಡುತ್ತ, ಗುಂಡಿ ಹಚ್ಚುತ್ತ ಉಳಿದರು. ಮತ್ತೆ ಅಕ್ಷರದ ಕೆಲಸಕ್ಕೆ ಹೋಗಲಿಲ್ಲ. ಹನ್ನೆರಡು ವರ್ಷದಲ್ಲಿ ಎರಡು ಸಲ ಬಬಲೇಶ್ವರದ ಸಂತೆಯಲ್ಲಿ ಸಿಕ್ಕಿದ್ದರು. ಹೆಂಡತಿ ಮಕ್ಕಳು ಹೇಗಿದ್ದಾರೆ ಎಂದು ಕೇಳಿದರು. ಎರಡನೆಯ ಸಲ ನನ್ನ ಮಗಳ ಕೈಗೆ ಪೇರಲಹಣ್ಣು ಕೊಟ್ಟರು. ಅಂದಾದರೂ ನಾನು ಹೇಳಬಹುದಿತ್ತು. ಆಪಾ ದೊಡ್ಡ ಮನಸ್ಸಿನವರು, ನನ್ನನ್ನು ಕಾಪಾಡಿದ್ದಾರೆ, ಮನೆಯಲ್ಲಿ ತಮ್ಮನಿಗೆ ನಿಜ ಹೇಳಿರುತ್ತಾರೆ, ಮುಗಿದ ಕಥೆ ಎಂದು ನನಗೆ ನಾನೇ ಹೇಳಿಕೊಂಡೆ. ಹೇಡಿಗೆ ತನ್ನನ್ನು ಸಮಾಧಾನ ಮಾಡಿಕೊಳ್ಳಲು ಎಷ್ಟು ಹೊತ್ತು ಬೇಕು.

ಜೆರಾಕ್ಸ್ ತೆಗೆದ ಮರುದಿನ ಬಬಲೇಶ್ವರದ ಬಸ್ ಹತ್ತಿದೆ. ಅಂಗಡಿ ತೆರೆದಿತ್ತು. ಆತನ ಕೂದಲು ಪೂರ್ತಿ ಬೆಳ್ಳಗಾಗಿತ್ತು. ನನ್ನ ಗುರುತು ಹಿಡಿದು ಕುರ್ಚಿ ತೋರಿಸಿದ. ಮೇಜಿನ ಮೇಲೆ ಮಗುವಿನ ಫ್ರಾಕಿನ ಬಟ್ಟೆ ಹಾಸಿ, ಜೇಬಿನ ಮೂಲೆಗೆ ದುಂಡಗೆ ಗೆರೆ ಎಳೆಯುತ್ತಿದ್ದ. ಗೆರೆಗೆ ಇಟ್ಟುಕೊಂಡದ್ದು ಒಂದು ಡಿಸ್ಕ್. ಅಂಚೆಲ್ಲ ಸುಣ್ಣ ಮೆತ್ತಿತ್ತು, ಮೇಲಿನ ಕೈಬರಹ ನನ್ನದು.

ಗಿರಾಕಿಗಳೊಂದಿಗೆ ಮಾತಾಡಲು ಆತ ಒಂದು ಕಪ್ಪು ಕೋಟಿನ ಬಟ್ಟೆ ಇಟ್ಟುಕೊಂಡಿದ್ದ. ಅದನ್ನೂ ಗುರುತು ಹಾಕುವ ಸುಣ್ಣದ ತುಂಡನ್ನೂ ನನ್ನ ಮುಂದೆ ಸರಿಸಿದ. ಬಸ್ಸಿನಲ್ಲಿ ಏನೇನೋ ಯೋಚಿಸಿಕೊಂಡು ಬಂದಿದ್ದೆ, ಬರೆದದ್ದು ಇಷ್ಟೇ: ಆ ದಿನದ ತಪ್ಪು ನನ್ನದು, ನಿಮ್ಮ ಅಕ್ಕನದಲ್ಲ.

ಆತ ಓದಿದ. ಬಟ್ಟೆಯನ್ನು ಬೆಳಕಿನ ಕಡೆ ಹಿಡಿದು ಇನ್ನೊಂದು ಸಲ ಓದಿದ. ಆಮೇಲೆ ಬಟ್ಟೆ ಝಾಡಿಸಿ, ದುಂಡಗಿನ ಅಕ್ಷರದಲ್ಲಿ ಬರೆದು ನನ್ನ ಕಡೆ ತಿರುಗಿಸಿದ. ಪುಸ್ತಕದ ಕನ್ನಡ.

"ಅಕ್ಕ ಈ ಡಿಸ್ಕ್ ತಂದಿದ್ದಳು. ನಾನು ನೋಡಲಿಲ್ಲ. ನನ್ನನ್ನು ನಗೆಪಾಟಲು ಮಾಡಿದವಳು ಅವಳೇ ಎಂದುಕೊಂಡಿದ್ದೆ."

ಅವರು ಹೇಳಲೇ ಇಲ್ಲವೇ ಎಂದು ಬರೆದೆ.

ಆತ ಬಟ್ಟೆಯನ್ನು ಎಳೆದುಕೊಂಡು ಮತ್ತೆ ಝಾಡಿಸಿದ. ಆಮೇಲೆ ಬರೆದ.

"ಹೇಳಲು ಬರುತ್ತಿದ್ದಳು. ಆ ದಿನದ ಮಾತು ತೆಗೆದು ಕೈ ಎತ್ತಿದಳೆಂದರೆ ನಾನು ಕಣ್ಣು ಮುಚ್ಚಿಕೊಳ್ಳುತ್ತಿದ್ದೆ. ಹನ್ನೆರಡು ವರ್ಷ."

ಹೊರಗೆ ಬಸ್ಸು ಹೋಗುತ್ತಿತ್ತು. ಆತ ತನ್ನ ಎರಡೂ ಅಂಗೈಗಳನ್ನು ಬಟ್ಟೆಯ ಮೇಲೆ ಚಪ್ಪಟೆಯಾಗಿ ಇಟ್ಟುಕೊಂಡಿದ್ದ. ನಾನು ಬಟ್ಟೆಯನ್ನು ಮೆಲ್ಲಗೆ ಎಳೆದುಕೊಂಡು, ಸುಣ್ಣ ಎತ್ತಿಕೊಂಡು, ಕ್ಷಮಿಸಿ ಎಂದು ಬರೆಯತೊಡಗಿದೆ. ಎರಡು ಅಕ್ಷರ ಬರೆದಿದ್ದೆ. ತಲೆಯೆತ್ತಿ ನೋಡಿದರೆ ಆತ ಕಣ್ಣು ಮುಚ್ಚಿಕೊಂಡಿದ್ದ.